ಬೇಸಿಗೆಯಲ್ಲಿ ಲಾನ್‌ಗೆ ಎಷ್ಟು ನೀರು ಸಾಕು? ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

ಫೆಬ್ರವರಿ ಬಂತು ಅಂದರೆ ಓದುಗರಿಂದ ಒಂದೇ ಪ್ರಶ್ನೆ. "ದಿನಾ ಎರಡು ಹೊತ್ತು ನೀರು ಬಿಡ್ತೀವಿ, ಆದ್ರೂ ಲಾನ್ ಹಳದಿ ಆಗ್ತಿದೆ. ಇನ್ನೂ ಜಾಸ್ತಿ ಬಿಡಬೇಕಾ?" ಕೇಳುವವರಲ್ಲಿ ಹೋಂಸ್ಟೇ ನಡೆಸುವವರಿದ್ದಾರೆ, ಪೇಟೆಯಲ್ಲಿ ಹೊಸದಾಗಿ ಮನೆ ಕಟ್ಟಿದವರಿದ್ದಾರೆ, ತೋಟದ ಮನೆ ಮುಂದೆ ಆಸೆಯಿಂದ ಒಂದಿಷ್ಟು ಹುಲ್ಲು ಬೆಳೆಸಿದವರಿದ್ದಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಜಾಸ್ತಿ ಬಿಡಬೇಡಿ. ಹೆಚ್ಚಿನ ಮನೆಗಳಲ್ಲಿ ಈಗ ಬಿಡುತ್ತಿರುವುದಕ್ಕಿಂತ ಕಡಿಮೆಯೇ ಸಾಕು. ಬಿಡುವ ರೀತಿ ಮಾತ್ರ ಬದಲಾಗಬೇಕು.

ಕೊಡಗಿನಲ್ಲಿ ಮಳೆಗೆ ಕೊರತೆ ಇಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುತ್ತದೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರಕ್ಕೆ ಇಳಿದರೆ ಮಡಿಕೇರಿಯ ಸುಮಾರು ಮೂರನೇ ಒಂದು ಭಾಗ. ಆದರೆ ಇದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಹುಲ್ಲು ನೀರು ಕೇಳುವುದು ಜನವರಿಯಿಂದ ಏಪ್ರಿಲ್‌ವರೆಗೆ. ಕಾಫಿಗೆ ಹೂ ಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ಬೇಕಾಗುವುದೂ ಆಗಲೇ. ಮಳೆ ಕೈಕೊಟ್ಟರೆ ತೋಟದವರು ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾಕುವುದೂ ಆಗಲೇ. ತೋಡುಗಳು (ಸಣ್ಣ ಹಳ್ಳಗಳು) ಸಣ್ಣಗಾಗುವುದು, ಬಾವಿಯ ತಳ ಕಾಣುವುದು ಎಲ್ಲವೂ ಅದೇ ಎರಡು ಮೂರು ತಿಂಗಳಲ್ಲಿ. ಹಾಗಾಗಿ ನನ್ನ ಲೆಕ್ಕದಲ್ಲಿ ಲಾನ್ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಮೊದಲು ಮನೆ ಮಂದಿ ಮತ್ತು ದನಕರು, ಆಮೇಲೆ ಕಾಫಿ, ಹಣ್ಣಿನ ಗಿಡ, ತರಕಾರಿ. ಉಳಿದರೆ ಹುಲ್ಲಿಗೆ.

ಬೇಕಾದ ಸಾಮಾನು ಎಲ್ಲರ ಮನೆಯಲ್ಲೂ ಇರುತ್ತದೆ: ಅಳತೆ ಗೊತ್ತಿರುವ ಒಂದು ಬಕೆಟ್, ಮೊಬೈಲ್‌ನ ಸ್ಟಾಪ್‌ವಾಚ್, ಬದಿ ನೇರವಾಗಿರುವ ಐದಾರು ಡಬ್ಬಿ, ಒಂದು ಸ್ಕೇಲ್, ಉದ್ದನೆಯ ಸ್ಕ್ರೂಡ್ರೈವರ್, ಗುದ್ದಲಿ. ತೋಟದಲ್ಲಿ ಮಳೆ ಮಾಪಕ ಇದ್ದರೆ ಅದೂ ಕೆಲಸಕ್ಕೆ ಬರುತ್ತದೆ.

1. ಮೊದಲು ಲೆಕ್ಕ ಹಾಕಿ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಇದೊಂದು ನೆನಪಿದ್ದರೆ ಉಳಿದ ಲೆಕ್ಕ ಸುಲಭ.

ನಮ್ಮಲ್ಲಿ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರಲ್ವಾ? ಒಂದು ಇಂಚು ಅಂದರೆ 100 ಸೆಂಟ್, ಅಂದರೆ 25.4 ಮಿ.ಮೀ. ಕಡು ಬೇಸಿಗೆಯಲ್ಲಿ ಲಾನ್ ಪೂರ್ತಿ ಹಸಿರಾಗಿರಬೇಕಾದರೆ ವಾರಕ್ಕೆ ಹೆಚ್ಚು ಕಡಿಮೆ ಒಂದು ಇಂಚು ನೀರು ಬೇಕು. 1000 ಚದರ ಅಡಿ ಅಂದರೆ ಸುಮಾರು 93 ಚದರ ಮೀಟರ್. ಅಷ್ಟು ಜಾಗಕ್ಕೆ ವಾರಕ್ಕೆ ಸುಮಾರು 2,360 ಲೀಟರ್ ಆಯಿತು. ಹಳ್ಳಿ ಮನೆಗಳಿಗೆ ಜಲ ಜೀವನ್ ಮಿಷನ್ ಇಟ್ಟುಕೊಂಡ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಈ ಹುಲ್ಲು ಒಂದು ವಾರಕ್ಕೆ ಕುಡಿಯುವ ನೀರಿನಲ್ಲಿ ಐದು ಜನರ ಸಂಸಾರ ಎಂಟು ದಿನ ಕಳೆಯಬಹುದು.

ಈಗ ನಿಮ್ಮ ಪೈಪಿನ ಲೆಕ್ಕ. ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 15 ಲೀಟರಿನ ಬಕೆಟ್ 45 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 20 ಲೀಟರ್ ಹೋಗುತ್ತಿದೆ. ಪೈಪನ್ನು ಹುಲ್ಲಿನ ಮೇಲೆ ಹಾಕಿ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರೆ 600 ಲೀಟರ್ ಹೋಯಿತು, ಅದೂ ಒಂದೇ ಜಾಗಕ್ಕೆ. ತೊಟ್ಟಿಕ್ಕುವ ನಲ್ಲಿಗಳನ್ನೂ ಇದೇ ದಿನ ನೋಡಿಬಿಡಿ. ಸೆಕೆಂಡಿಗೆ ಒಂದು ಹನಿ ಅಂದರೂ ದಿನಕ್ಕೆ 15ರಿಂದ 20 ಲೀಟರ್ ಸುಮ್ನೆ ಹೋಗುತ್ತದೆ. ಒಂದು ವಾಷರ್ ಬದಲಿಸಿದರೆ ನಿಲ್ಲುತ್ತದೆ.

2. ಮಣ್ಣಿನ ಒಳಗೆ ನೋಡಿ

ಈ ಕೆಲಸವನ್ನು ಮಾತ್ರ ದಯವಿಟ್ಟು ಬಿಡಬೇಡಿ. ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ.

ನೀರು ಬಿಟ್ಟ ಮಾರನೇ ದಿನ ಲಾನ್‌ನ ಅಂಚಿನಲ್ಲಿ ಅಂಗೈ ಅಗಲದ ಜಾಗ ಆರಿಸಿ. ಗುದ್ದಲಿಯನ್ನು ನೇರವಾಗಿ ಇಳಿಸಿ ಆರು ಇಂಚು ಆಳದ ಒಂದು ಹೆಂಟೆಯನ್ನು ಒಡೆಯದ ಹಾಗೆ ಮೇಲೆತ್ತಿ. ಅದನ್ನು ಬದಿಯಿಂದ ನೋಡಿ. ದಿನಾ ಸ್ವಲ್ಪ ಸ್ವಲ್ಪ ನೀರು ಕುಡಿದ ಹುಲ್ಲಾದರೆ ಮೇಲಿನ ಒಂದೂವರೆ ಇಂಚು ಮಾತ್ರ ಒದ್ದೆಯಾಗಿ ಕಪ್ಪಗಿರುತ್ತದೆ. ಬಿಳಿ ಬೇರುಗಳೆಲ್ಲ ಅಲ್ಲೇ ಚಾಪೆಯ ಹಾಗೆ ಹೆಣೆದುಕೊಂಡಿರುತ್ತವೆ. ಅದರ ಕೆಳಗಿನ ಕೆಂಪು ಮಣ್ಣು ಒಣಗಿ ಪುಡಿಯಾಗಿರುತ್ತದೆ, ಒಂದು ಬೇರೂ ಕಾಣುವುದಿಲ್ಲ. ಬೆರಳಲ್ಲಿ ಒತ್ತಿದರೆ ಮಣ್ಣು ಉದುರಿ ಬೀಳುತ್ತದೆ.

ನಿಮ್ಮ ಹುಲ್ಲು ಹಳದಿಯಾಗಲು ಕಾರಣ ಇದೇ. ನೀರು ಯಾವಾಗಲೂ ಮೇಲೆಯೇ ಸಿಗುವುದರಿಂದ ಬೇರು ಕೆಳಗೆ ಇಳಿಯುವುದಿಲ್ಲ. ಮಾರ್ಚ್ ಬಿಸಿಲಿಗೆ ಆ ಒಂದೂವರೆ ಇಂಚು ಮಧ್ಯಾಹ್ನದ ಒಳಗೆ ಒಣಗುತ್ತದೆ. ನೀವು ಸಂಜೆ ಮತ್ತೆ ಬಿಡುತ್ತೀರಿ, ಅದು ಮತ್ತೆ ಒಣಗುತ್ತದೆ. ನೀರು ಖರ್ಚಾಗುತ್ತದೆ, ಹುಲ್ಲು ಮಾತ್ರ ಬಲವಾಗುವುದಿಲ್ಲ.

ನೋಡಿದ ಮೇಲೆ ಹೆಂಟೆಯನ್ನು ಅದೇ ಜಾಗಕ್ಕೆ ಇಟ್ಟು ಕಾಲಲ್ಲಿ ಒತ್ತಿ. ಮುಂದಿನ ದಿನಗಳಲ್ಲಿ ಅಗೆಯುವುದು ಬೇಡ, ಸ್ಕ್ರೂಡ್ರೈವರ್ ಸಾಕು. ಒದ್ದೆ ಮಣ್ಣಿನಲ್ಲಿ ಅದು ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ಸಿಕ್ಕಿದ ಕೂಡಲೇ ತಡೆಯುತ್ತದೆ. ಎಷ್ಟು ಇಂಚು ಇಳಿಯಿತೋ ಅಷ್ಟು ಆಳಕ್ಕೆ ನೀರು ಹೋಗಿದೆ. ಐದಾರು ಇಂಚು ಇಳಿಯಬೇಕು.

3. ಲಾನ್ ಚಿಕ್ಕದು ಮಾಡಿ

ಅತಿ ಹೆಚ್ಚು ನೀರು ಉಳಿಯುವುದು ಇಲ್ಲಿ. ಎಷ್ಟೇ ಒಳ್ಳೆಯ ಸ್ಪ್ರಿಂಕ್ಲರ್ ತಂದರೂ ಇದಕ್ಕೆ ಸಮ ಬರುವುದಿಲ್ಲ.

ಒಂದು ಕಾಗದದಲ್ಲಿ ಅಂಗಳದ ನಕ್ಷೆ ಬರೆದುಕೊಳ್ಳಿ. ಮಕ್ಕಳು ಆಡುವ ಜಾಗ, ಸಂಜೆ ಕುರ್ಚಿ ಹಾಕಿ ಕೂರುವ ಜಾಗ, ನೀವು ನಿಜವಾಗಿ ಓಡಾಡುವ ಜಾಗ ಗುರುತು ಮಾಡಿ. ಅಲ್ಲಿ ಹುಲ್ಲು ಇರಲಿ. ಉಳಿದ ಕಡೆ, ಅದರಲ್ಲೂ ಇಳಿಜಾರಿನಲ್ಲಿ, ಮರದ ಬುಡದಲ್ಲಿ, ಗೋಡೆ ಪಕ್ಕದ ಎರಡು ಅಡಿ ಪಟ್ಟಿಯಲ್ಲಿ ಹುಲ್ಲು ಬೇಡ. ಇಳಿಜಾರಿನಲ್ಲಿ ಬಿಟ್ಟ ನೀರು ಇಂಗುವ ಮೊದಲೇ ಜಾರಿ ಚರಂಡಿ ಸೇರುತ್ತದೆ. ಹಲಸು, ಸಿಲ್ವರ್ ಓಕ್ ಬುಡದಲ್ಲಿ ನೆರಳೂ ಜಾಸ್ತಿ, ಮರದ ಬೇರಿನ ಪೈಪೋಟಿಯೂ ಜಾಸ್ತಿ. ಅಲ್ಲಿ ಹುಲ್ಲಿಗೆ ಹೊಯ್ದ ನೀರನ್ನು ಮರವೇ ಕುಡಿಯುತ್ತದೆ.

ತೆಗೆದ ಜಾಗಕ್ಕೆ ಏನು ಹಾಕುವುದು? ಬಿಸಿಲಿದ್ದರೆ ದಾಸವಾಳ, ಕೇಪಳ, ಬೋಗನ್‌ವಿಲ್ಲಾ, ಕಣಗಿಲೆ. ಬೇರು ಹಿಡಿದ ಮೇಲೆ ಇವಕ್ಕೆ ವಾರಕ್ಕೊಮ್ಮೆ ಬುಡಕ್ಕೆ ನೀರು ಸಿಕ್ಕರೆ ನಡೆಯುತ್ತದೆ. ಬೋಗನ್‌ವಿಲ್ಲಾಕ್ಕಂತೂ ನೀರು ಕಡಿಮೆಯಾದಷ್ಟೂ ಹೂ ಚೆನ್ನ. ಕಣಗಿಲೆ ವಿಷದ ಗಿಡ, ಮಕ್ಕಳೂ ದನಕರುಗಳೂ ಓಡಾಡುವ ಕಡೆ ಬೇಡ. ನೆರಳಲ್ಲಿ ಕಾಡು ಜರಿಗಿಡ, ಡ್ರಸೀನಾ ಇರಲಿ.

ಆಂಥೂರಿಯಂ, ಹೈಡ್ರೇಂಜಾ, ಜರ್ಬೆರಾ ಇಟ್ಟವರು ಅವನ್ನು ಅಂಗಳದ ತುಂಬ ಹರಡಬೇಡಿ. ಇವು ನೀರು ಜಾಸ್ತಿ ಕೇಳುವ ಗಿಡಗಳು. ಎಲ್ಲವನ್ನೂ ಮನೆ ಹತ್ತಿರ, ನಲ್ಲಿ ಪಕ್ಕ, ಒಂದೇ ಕಡೆ ಸೇರಿಸಿ. ನೀರಿನ ಅಗತ್ಯ ಒಂದೇ ತರಹ ಇರುವ ಗಿಡಗಳನ್ನು ಒಟ್ಟಿಗೆ ಇಟ್ಟರೆ ಒಂದಕ್ಕೋಸ್ಕರ ಹತ್ತು ಗಿಡಕ್ಕೆ ನೀರು ಹೊಯ್ಯುವುದು ತಪ್ಪುತ್ತದೆ.

ಎಚ್ಚರ: ನೆಲ ಮುಚ್ಚಲು ಹಳದಿ ಹೂವಿನ ವೆಡೇಲಿಯಾ ಬಳ್ಳಿ ಹಾಕಿ ಅಂತ ಹೇಳುವವರಿದ್ದಾರೆ. ಹಾಕಬೇಡಿ. ಬೇಲಿ ದಾಟಿ ತೋಡಿನ ದಂಡೆಗೂ ಕಾಡಿಗೂ ಹರಡಿದರೆ ತೆಗೆಯುವುದು ಬಹಳ ಕಷ್ಟ. ಲಂಟಾನ ನಮ್ಮ ಕಾಡುಗಳಿಗೆ ಏನು ಮಾಡಿದೆ ಅಂತ ಕಣ್ಣಾರೆ ಕಾಣುತ್ತಲೇ ಇದ್ದೇವೆ.

ಇನ್ನೊಂದು ತಪ್ಪು, ನೀರಿನ ಗೋಳೇ ಬೇಡ ಅಂತ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವುದು ಅಥವಾ ಪ್ಲಾಸ್ಟಿಕ್ ಹುಲ್ಲು ಹಾಸುವುದು. ಬೇಸಿಗೆಯಲ್ಲಿ ಕಾಲಿಡಲು ಆಗದಷ್ಟು ಕಾಯುತ್ತದೆ. ಜುಲೈ ಮಳೆಯಲ್ಲಿ ಇಂಗಬೇಕಾದ ನೀರೆಲ್ಲ ಒಟ್ಟಾಗಿ ಕೆಳಗಿನ ಮನೆಯವರ ಕಡೆ ನುಗ್ಗುತ್ತದೆ. ನಡೆಯುವ ದಾರಿಗೆ ಕಲ್ಲು ಚಪ್ಪಡಿ ಇಟ್ಟು ನಡುವೆ ಜಲ್ಲಿ ತುಂಬಿದರೆ ಸಾಕು.

4. ಯಾವ ಹುಲ್ಲು, ಯಾವಾಗ ನೆಡುವುದು

ಪೂರ್ತಿ ಬಿಸಿಲಿದ್ದರೆ ನನ್ನ ಮೊದಲ ಆಯ್ಕೆ ಗರಿಕೆ. ಅದರ ಬೇರು ಆಳಕ್ಕೆ ಹೋಗುತ್ತದೆ. ನೀರು ಸಿಗದಿದ್ದರೆ ಕಂದು ಬಣ್ಣಕ್ಕೆ ತಿರುಗಿ ಮಲಗುತ್ತದೆ, ಮಳೆ ಬಿದ್ದರೆ ಏಳುತ್ತದೆ. ನೆರಳಿಗೆ ಮಾತ್ರ ಅದು ಆಗುವುದಿಲ್ಲ. ನರ್ಸರಿಯವರು ಮೆಕ್ಸಿಕನ್ ಹುಲ್ಲು ಅಂತ ಮಾರುವುದು ನೋಡಲು ಮೆತ್ತಗೆ, ಚೆಂದ, ನಿಧಾನವಾಗಿ ಬೆಳೆಯುತ್ತದೆ, ಕತ್ತರಿಸುವ ಕೆಲಸ ಕಡಿಮೆ. ಅರೆ ನೆರಳಿಗೆ ಅಗಲ ಎಲೆಯ ಹುಲ್ಲು ಸರಿ. ಆದರೆ ಅದರ ಬೇರು ಮೇಲೆ ಮೇಲೆ ಇರುವುದರಿಂದ ಒಣ ಹವೆಗೆ ಬೇಗ ಬಾಡುತ್ತದೆ. ಕುಶಾಲನಗರದ ಬಯಲು ಬಿಸಿಲಿಗೆ ಅದನ್ನು ಹಾಕಿಸಿಕೊಳ್ಳಬೇಡಿ.

ಮಡಿಕೇರಿ, ಭಾಗಮಂಡಲ, ಶಾಂತಳ್ಳಿ ಕಡೆಯವರು ಜೂನ್‌ನಲ್ಲಿ ಹುಲ್ಲು ನೆಡಬೇಡಿ. ಜುಲೈ ಮಳೆಗೆ ಹುಲ್ಲೂ ಮಣ್ಣೂ ಒಟ್ಟಿಗೆ ಕೊಚ್ಚಿ ಹೋಗುತ್ತದೆ. ಸೆಪ್ಟೆಂಬರ್ ಶುರುವಿನ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ನೆಟ್ಟರೆ ಹಿಂಗಾರಿನ ಮಳೆಯಲ್ಲಿ ಬೇರು ಹಿಡಿಯುತ್ತದೆ. ಮಳೆ ಕಡಿಮೆ ಇರುವ ಕುಶಾಲನಗರ, ಸೋಮವಾರಪೇಟೆಯ ಪೂರ್ವ ಭಾಗದವರು ಜೂನ್‌ನಲ್ಲೇ ನೆಡಬಹುದು. ಜನವರಿಯಿಂದ ಮೇವರೆಗೆ ಹೊಸ ಹುಲ್ಲು ಹಾಸಿಸುವುದು ಎಲ್ಲೂ ಬೇಡ. ಬೇರು ಹಿಡಿಯುವವರೆಗೆ ಅದಕ್ಕೆ ದಿನಾ ನೀರು ಬೇಕೇ ಬೇಕು.

5. ನೀರು ಬಿಡುವ ರೀತಿ

ಸ್ಪ್ರಿಂಕ್ಲರ್ ಅಥವಾ ಪೈಪಿನಿಂದ ನೀರು ಬೀಳುವ ಜಾಗದಲ್ಲಿ ಐದಾರು ಡಬ್ಬಿಗಳನ್ನು ಅಲ್ಲಲ್ಲಿ ಇಡಿ. 15 ನಿಮಿಷ ಬಿಟ್ಟು ಪ್ರತಿ ಡಬ್ಬಿಯಲ್ಲಿ ಎಷ್ಟು ಮಿ.ಮೀ. ನಿಂತಿದೆ ಅಂತ ಸ್ಕೇಲ್ ಇಟ್ಟು ನೋಡಿ. ಒಂದರಲ್ಲಿ 3, ಇನ್ನೊಂದರಲ್ಲಿ 9 ಇದ್ದರೆ ನೀರು ಸಮನಾಗಿ ಬೀಳುತ್ತಿಲ್ಲ. ಇಂಥ ಕಡೆ ಜನ ಒಣಗಿದ ಮೂಲೆ ನೋಡಿ ಇಡೀ ಲಾನ್‌ಗೆ ಜಾಸ್ತಿ ಬಿಡುತ್ತಾರೆ. ಹಾಗೆ ಮಾಡದೆ ಸ್ಪ್ರಿಂಕ್ಲರ್‌ನ ಜಾಗ ಬದಲಿಸಿ.

ಇನ್ನು ಮುಂದೆ ದಿನಾ ನೀರು ಬೇಡ. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 10ರಿಂದ 12 ಮಿ.ಮೀ. ಅಷ್ಟು ಬೀಳಲು ನಿಮ್ಮ ಪೈಪಿಗೆ ಎಷ್ಟು ನಿಮಿಷ ಬೇಕು ಅಂತ ಡಬ್ಬಿಯೇ ಹೇಳುತ್ತದೆ. ಆದರೆ ಈಗಿನ ಅಭ್ಯಾಸ ಒಂದೇ ಸಲ ಬಿಡಿಸಬೇಡಿ, ಹುಲ್ಲು ಬಾಡುತ್ತದೆ. ಮೊದಲ ವಾರ ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ, ಹೀಗೆ ಅಂತರ ಹೆಚ್ಚಿಸಿ. ಡಿಸೆಂಬರ್‌ನಲ್ಲೇ ಶುರು ಮಾಡಿದರೆ ಬಿಸಿಲು ಏರುವ ಹೊತ್ತಿಗೆ ಬೇರು ಕೆಳಗಿಳಿದಿರುತ್ತದೆ.

ಸೂರ್ಯ ಮೇಲೆ ಬರುವ ಮೊದಲು ಬಿಡಿ. ಗಾಳಿ ಇರುವುದಿಲ್ಲ, ಆವಿಯಾಗುವುದು ಕಡಿಮೆ. ಸಂಜೆ ಬಿಟ್ಟರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು ಶಿಲೀಂಧ್ರ ರೋಗ ಬರುತ್ತದೆ.

ನೀರು ಹರಿದು ಹೋಗುತ್ತಿದ್ದರೆ ನಿಲ್ಲಿಸಿ. ಸ್ವಲ್ಪವಾದರೂ ಇಳಿಜಾರಿದ್ದರೆ ಎಂಟು ಹತ್ತು ನಿಮಿಷ ಬಿಟ್ಟು, ಅರ್ಧ ಗಂಟೆ ಇಂಗಲು ಕೊಟ್ಟು, ಮತ್ತೆ ಎಂಟು ಹತ್ತು ನಿಮಿಷ ಬಿಡಿ. ನಲ್ಲಿಗೆ ಸಿಕ್ಕಿಸುವ ಬ್ಯಾಟರಿ ಟೈಮರ್ ಸಿಗುತ್ತದೆ. ಮರೆವಿನವರಿಗೆ ಅದು ಒಳ್ಳೆಯದು. ಆದರೆ ಮಳೆ ಬಂದ ದಿನವೂ ಅದು ತನ್ನ ಪಾಡಿಗೆ ನೀರು ಬಿಡುತ್ತದೆ, ಅದರ ಮೇಲೆ ಕಣ್ಣಿಡಿ.

ನೀರು ಬೇಕಾ ಬೇಡವಾ ಅಂತ ತಿಳಿಯಲು ಹುಲ್ಲಿನ ಮೇಲೆ ನಡೆದು ತಿರುಗಿ ನೋಡಿ. ಹೆಜ್ಜೆ ಇಟ್ಟ ಹುಲ್ಲು ಕೂಡಲೇ ಎದ್ದು ನಿಂತರೆ ಬೇಡ. ಗುರುತು ಹಾಗೇ ಉಳಿದು ಬಣ್ಣ ಸ್ವಲ್ಪ ನೀಲಿ ಬೂದಿಗೆ ತಿರುಗಿದ್ದರೆ ಮಾರನೇ ಬೆಳಿಗ್ಗೆ ಬಿಡಿ. ಮಾಪಕದಲ್ಲಿ 50 ಸೆಂಟ್ ಮಳೆ ಕಂಡರೆ ಒಂದು ಸರದಿ ಬಿಟ್ಟುಬಿಡಿ. ಒಂದು ಇಂಚು ಬಿದ್ದರೆ ಆ ವಾರ ಪೈಪ್ ಮುಟ್ಟಬೇಡಿ.

6. ಕತ್ತರಿಸುವುದು, ಗೊಬ್ಬರ

ತೋಟದ ಕಳೆ ಹೊಡೆಯುವ ಮಿಷನ್ ತಂದು ಲಾನನ್ನು ನೆಲದ ಮಟ್ಟಕ್ಕೆ ಬೋಳಿಸುವುದು ನಮ್ಮಲ್ಲಿ ತುಂಬ ಕಡೆ ಕಾಣುತ್ತದೆ. ಬೋಳಿಸಿದರೆ ಮಣ್ಣಿಗೆ ನೇರ ಬಿಸಿಲು ಬಿದ್ದು ಬೇಗ ಒಣಗುತ್ತದೆ, ಬೇರೂ ಚಿಕ್ಕದಾಗುತ್ತದೆ. ಬೇಸಿಗೆಯಲ್ಲಿ ಗರಿಕೆ ಎರಡು ಇಂಚು, ಅಗಲ ಎಲೆಯ ಹುಲ್ಲು ಮೂರು ಇಂಚು ಇರಲಿ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಕತ್ತರಿಸಿದ ಚೂರನ್ನು ಅಲ್ಲೇ ಬಿಡಿ, ಗೊಬ್ಬರವಾಗುತ್ತದೆ.

ಡಿಸೆಂಬರ್ ನಂತರ ಯೂರಿಯಾ ಬೇಡ. ಯೂರಿಯಾ ಕೊಟ್ಟರೆ ಎಳೆ ಎಲೆ ನುಗ್ಗಿ ಬರುತ್ತದೆ, ಅದಕ್ಕೆ ನೀರೂ ಜಾಸ್ತಿ ಬೇಕಾಗುತ್ತದೆ. ಮಳೆಗಾಲ ಮುಗಿದ ಕೂಡಲೇ ಜರಡಿ ಹಿಡಿದ ಕಾಂಪೋಸ್ಟನ್ನು ಅರ್ಧ ಇಂಚು ದಪ್ಪ ಹರಡಿ ಪೊರಕೆಯಿಂದ ಎಳೆಯಿರಿ. ಮಣ್ಣು ನೀರು ಹಿಡಿದಿಡುವ ಶಕ್ತಿ ಹೆಚ್ಚುತ್ತದೆ. ಜೋರು ಮಳೆ ಬೀಳುವ ನಮ್ಮ ಮಣ್ಣು ಹುಳಿಯಾಗಿರುತ್ತದೆ, ಅದಕ್ಕೇ ತೋಟಕ್ಕೆ ಸುಣ್ಣ ಹಾಕುತ್ತೇವೆ. ಲಾನ್‌ಗೂ ಬೇಕಾಗಬಹುದು. ಆದರೆ ಮಣ್ಣು ಪರೀಕ್ಷೆ ಮಾಡಿಸದೆ ಹಾಕಬೇಡಿ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

7. ಗಿಡಗಳಿಗೆ ಹನಿ ನೀರು, ಬುಡಕ್ಕೆ ತರಗೆಲೆ

ಹೂಗಿಡಗಳಿಗೆ ಪೈಪ್ ಹಿಡಿಯುವುದು ಬಿಟ್ಟು ಡ್ರಿಪ್ ಹಾಕಿಸಿ. 16 ಮಿ.ಮೀ. ಪೈಪಿಗೆ ಗಂಟೆಗೆ 2 ಅಥವಾ 4 ಲೀಟರ್ ಬಿಡುವ ಡ್ರಿಪ್ಪರ್ ಸಿಕ್ಕಿಸಿದರೆ ಆಯಿತು. ನೆಲ ಏರುತಗ್ಗಾಗಿದ್ದರೆ ಕೆಳಗಿನ ಗಿಡಕ್ಕೆ ಜಾಸ್ತಿ, ಮೇಲಿನದಕ್ಕೆ ಕಡಿಮೆ ಬೀಳುತ್ತದೆ. ಅಂಥಲ್ಲಿ ಒತ್ತಡ ಸಮ ಮಾಡುವ ಡ್ರಿಪ್ಪರ್ ಕೇಳಿ ತನ್ನಿ, ಪೈಪನ್ನು ಇಳಿಜಾರಿಗೆ ಅಡ್ಡವಾಗಿ ಎಳೆಯಿರಿ. ಕೆರೆ ನೀರಾದರೆ ಫಿಲ್ಟರ್ ಇಲ್ಲದೆ ಹಾಕಿಸಬೇಡಿ, ತಿಂಗಳೊಳಗೆ ಕಟ್ಟಿಕೊಳ್ಳುತ್ತದೆ.

ಬುಡಕ್ಕೆ ಮೂರು ಇಂಚು ತರಗೆಲೆ ಮುಚ್ಚಿ. ಸಿಲ್ವರ್ ಓಕ್ ಎಲೆ ನಿಧಾನವಾಗಿ ಕರಗುವುದರಿಂದ ಇದಕ್ಕೆ ಚೆನ್ನಾಗಿ ಒದಗುತ್ತದೆ. ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ಹಸಿ ಕಾಫಿ ಸಿಪ್ಪೆಯನ್ನು ನೇರವಾಗಿ ಹಾಕಬೇಡಿ. ಅದು ಕೊಳೆಯುವಾಗ ಬಿಸಿಯೇರಿ ಬೇರು ಸುಡುತ್ತದೆ. ಕಾಂಪೋಸ್ಟ್ ಆದ ಮೇಲೆ ಧಾರಾಳವಾಗಿ ಹಾಕಿ.

8. ನೀರನ್ನು ಬೇರೆಲ್ಲಿಂದ ತರಬಹುದು

ಜೂನ್ ಮಳೆಯನ್ನು ಮಾರ್ಚ್‌ವರೆಗೆ ಕೂಡಿಡಲು ದೊಡ್ಡ ಸಂಪು ಬೇಕು, ಖರ್ಚೂ ಜಾಸ್ತಿ. ಲಾನ್‌ಗಾಗಿ ಅಷ್ಟು ಮಾಡಬೇಕಿಲ್ಲ. ಬೇಸಿಗೆಯ ನಡುವೆ ಬರುವ ಮಳೆಯನ್ನು ಹಿಡಿಯಿರಿ. 1000 ಚದರ ಅಡಿ ಚಾವಣಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ, ಸೋರಿಕೆ ಕಳೆದರೂ ಸುಮಾರು 1,900 ಲೀಟರ್ ಸಿಗುತ್ತದೆ. ಏಪ್ರಿಲ್‌ನ ಒಂದು ಗುಡುಗು ಮಳೆ 2000 ಲೀಟರಿನ ಟ್ಯಾಂಕನ್ನು ಹೆಚ್ಚು ಕಡಿಮೆ ತುಂಬಿಸುತ್ತದೆ. ಮೊದಲ ಐದು ಹತ್ತು ನಿಮಿಷದ ನೀರನ್ನು ಹೊರಗೆ ಬಿಡಿ, ಅದರಲ್ಲಿ ಧೂಳು, ಎಲೆ, ಹಕ್ಕಿ ಹಿಕ್ಕೆ ಇರುತ್ತದೆ. ಟ್ಯಾಂಕಿನ ಬಾಯಿಗೆ ಬಲೆ ಕಟ್ಟಿ, ಸೊಳ್ಳೆ ಮೊಟ್ಟೆ ಇಡಬಾರದು.

ತೋಟದ ಮನೆಯವರಿಗೆ ಇನ್ನೊಂದು ಅನುಕೂಲ ಇದೆ, ಕಾಫಿ ಕಣ. ಕಾಫಿ ಒಣಗಿಸಿ ಮುಗಿದ ಮೇಲೆ ಕಣವನ್ನು ಗುಡಿಸಿ, ಒಂದು ಮೂಲೆಗೆ ಪೈಪ್ ಕೊಟ್ಟರೆ ಅಲ್ಲಿ ಬಿದ್ದ ಮಳೆಯೂ ಟ್ಯಾಂಕಿಗೆ ಬರುತ್ತದೆ. ಆದರೆ ಪಲ್ಪಿಂಗ್ ನೀರನ್ನು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವಾಗ ಬರುವ ಕೊಳೆ ನೀರನ್ನು, ಯಾವ ಕಾರಣಕ್ಕೂ ಹುಲ್ಲಿಗೂ ಗಿಡಕ್ಕೂ ಬಿಡಬೇಡಿ. ಅದು ಹುಳಿ ನೀರು, ಹುಲ್ಲು ಸುಡುತ್ತದೆ. ತೋಡಿಗೆ ಸೇರಿದರೆ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತದೆ.

ಬಚ್ಚಲಿನ ನೀರನ್ನು ಬಾಳೆ, ತೆಂಗು, ದೊಡ್ಡ ಮರಗಳ ಬುಡಕ್ಕೆ ಬಿಡಬಹುದು. ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ನಾರುತ್ತದೆ. ಜಾಗ ಬದಲಿಸುತ್ತಾ ಇರಿ. ಬ್ಲೀಚ್ ಹಾಕಿದ ನೀರು, ಹಸಿಯಾಗಿ ತಿನ್ನುವ ತರಕಾರಿಯ ಮಡಿ, ಮಕ್ಕಳು ಉರುಳಾಡುವ ಲಾನ್, ಈ ಮೂರಕ್ಕೂ ದೂರ. ಹೈಡ್ರೇಂಜಾ, ಆಂಥೂರಿಯಂಗೂ ಸೋಪಿನ ನೀರು ಆಗಿಬರುವುದಿಲ್ಲ.

ಇಂಗುಗುಂಡಿಯ ಬಗ್ಗೆ ತುಂಬ ಜನ ಕೇಳುತ್ತಾರೆ. ಇದನ್ನು ಗಮನವಿಟ್ಟು ಓದಿ. ಸಮತಟ್ಟು ಜಾಗದಲ್ಲಿ, ಮನೆಯ ಪಾಯದಿಂದ ದೂರದಲ್ಲಿ ಇಂಗುಗುಂಡಿ ಒಳ್ಳೆಯದು. ಸಣ್ಣ ಇಳಿಜಾರಿನಲ್ಲಿ ಕಾಫಿ ಸಾಲಿನ ನಡುವೆ ತೆಗೆಯುವ ತೊಟ್ಟಿಲು ಗುಂಡಿಯಂಥದ್ದೂ ನಡೆಯುತ್ತದೆ. ಆದರೆ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲೆ, ಮನೆಗಾಗಿ ಗುಡ್ಡ ಕಡಿದ ಜಾಗದ ಮೇಲ್ಭಾಗದಲ್ಲಿ, ಕಡಿದಾದ ಇಳಿಜಾರಿನಲ್ಲಿ ಗುಂಡಿ ತೆಗೆದು ನೀರು ಇಂಗಿಸಬೇಡಿ. ನೀರು ಕುಡಿದು ಭಾರವಾದ ಮಣ್ಣು ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತದಲ್ಲಿ ಎಷ್ಟು ಮನೆಗಳು, ತೋಟಗಳು ಮಣ್ಣಿನಡಿ ಹೋದವು ಅಂತ ನಮಗೆಲ್ಲ ಗೊತ್ತು. ಅಂಥ ಜಾಗದಲ್ಲಿ ಮಳೆಗಾಲದ ನೀರನ್ನು ಚರಂಡಿ ಮಾಡಿ ಸುರಕ್ಷಿತವಾಗಿ ಕೆಳಗೆ ಇಳಿಸುವುದೇ ಸರಿ. ನೀರು ಉಳಿಸುವ ಮಾತು ಅಲ್ಲಿಗೆ ಹೊಂದುವುದಿಲ್ಲ.

9. ಮಾರ್ಚ್ ಕೊನೆಗೆ ಹುಲ್ಲನ್ನು ಮಲಗಲು ಬಿಡಿ

ನೀರು ನಿಜಕ್ಕೂ ಕಡಿಮೆಯಾದಾಗ ಹಸಿರಿನ ಆಸೆ ಬಿಡಿ. ಗರಿಕೆ ಮತ್ತು ಮೆಕ್ಸಿಕನ್ ಹುಲ್ಲು ಕಂದಾದರೆ ಸತ್ತಿತು ಅಂತಲ್ಲ. ಬುಡದ ಗಂಟನ್ನು ಉಗುರಲ್ಲಿ ಕೆರೆದು ನೋಡಿ, ಒಳಗೆ ಬಿಳಿ ಅಥವಾ ತಿಳಿ ಹಸಿರಿದ್ದರೆ ಜೀವ ಇದೆ. ಆ ಜೀವ ಉಳಿಯಲು ಎರಡು ಮೂರು ವಾರಕ್ಕೊಮ್ಮೆ 12 ಮಿ.ಮೀ. ಸಾಕು. ಅಷ್ಟೂ ದಿನ ಹುಲ್ಲು ಕತ್ತರಿಸಬೇಡಿ, ಗೊಬ್ಬರ ಹಾಕಬೇಡಿ, ಮೇಲೆ ಗಾಡಿ ನಿಲ್ಲಿಸಬೇಡಿ. ಅರ್ಧ ವಾರ ನೀರು ಬಿಟ್ಟು ಹಸಿರು ಮಾಡಿ, ಮತ್ತೆ ನಿಲ್ಲಿಸಿ ಒಣಗಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಪ್ರತಿ ಸಲ ಚಿಗುರಲು ಹುಲ್ಲು ಬೇರಿನಲ್ಲಿ ಕೂಡಿಟ್ಟ ಶಕ್ತಿಯನ್ನು ಖರ್ಚು ಮಾಡುತ್ತದೆ.

ಹೋಂಸ್ಟೇಯವರಿಗೆ ಇದು ಕಷ್ಟ ಅಂತ ನನಗೆ ಗೊತ್ತು. ಬೇಸಿಗೆ ರಜೆಯಲ್ಲೇ ಅತಿಥಿಗಳು ಜಾಸ್ತಿ, ಆಗಲೇ ಹುಲ್ಲು ಕಂದು. ಮೆಟ್ಟಿಲಿನ ಎದುರು ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗವನ್ನು ಮಾತ್ರ ಹಸಿರಾಗಿಟ್ಟುಕೊಳ್ಳಿ. ಅದಕ್ಕೆ ವಾರಕ್ಕೆ ಸುಮಾರು 240 ಲೀಟರ್ ಸಾಕು. ಉಳಿದದ್ದು ಯಾಕೆ ಒಣಗಿದೆ ಅಂತ ಕೇಳಿದವರಿಗೆ ಇದ್ದದ್ದನ್ನು ಹೇಳಿ. ಕಾವೇರಿ ಹುಟ್ಟುವ ನಾಡಿನಲ್ಲೂ ಮಾರ್ಚ್‌ನಲ್ಲಿ ನೀರು ಅಳೆದು ಬಳಸಬೇಕು ಅಂದರೆ ಅರ್ಥ ಮಾಡಿಕೊಳ್ಳುತ್ತಾರೆ.

ಮಳೆ ಸರಿಯಾಗಿ ಹಿಡಿದು ಮೂರು ವಾರವಾದರೂ ಚಿಗುರದ ಜಾಗ ಇದ್ದರೆ ಅಲ್ಲಿ ಹುಲ್ಲು ನಿಜವಾಗಿ ಸತ್ತಿದೆ. ಅಲ್ಲಿ ಮತ್ತೆ ಹುಲ್ಲು ಹಾಸಬೇಡಿ. ಮಳೆ ನಿಂತ ನಡುವೆ ಒಂದು ದಿನ ನೋಡಿ ಮಣ್ಣು ಸಡಿಲಿಸಿ, ಕಾಂಪೋಸ್ಟ್ ಬೆರೆಸಿ, ದಾಸವಾಳವನ್ನೋ ಕೇಪಳವನ್ನೋ ನೆಡಿ.